ಚುಕ್ಕಿ ಕೊರೆದ ಕಲ್ಲು

ಕಲ್ಲು ಕೊಯ್ಯುವ ಮಷೀನಿಗೆ ನೀರು ಬಿಟ್ಟುಕೊಂಡು ಕೊಯ್ದರೆ ಧೂಳು ಏಳುವುದಿಲ್ಲ, ಆದರೆ ಒಂದು ವಾಸನೆ ಏಳುತ್ತದೆ. ಸುಟ್ಟ ವಾಸನೆಯೂ ಹೌದು, ಹಸಿ ವಾಸನೆಯೂ ಹೌದು; ಕಾದ ಹಂಚಿನ ಮೇಲೆ ನೀರು ಚಿಮುಕಿಸಿದಂತೆ. ಹೋದ ವಾರ ಬಳ್ಳಾರಿಯ ಗಾಂಧಿನಗರದಲ್ಲಿ ಒಬ್ಬರ ಮನೆಯ ಮುಂದೆ ನಿಂತಿದ್ದಾಗ ಪಕ್ಕದ ಕಟ್ಟಡದಿಂದ ಆ ವಾಸನೆ ತೇಲಿ ಬಂತು. ಆ ಮನೆಯ ಗೇಟಿನಿಂದ ಬಾಗಿಲವರೆಗೆ ಹೊಸ ದಾರಿ ಹಾಕಿ, ಎರಡೂ ಬದಿಗೆ ಗಿಡ ನೆಡುವ ಕೆಲಸ ಒಪ್ಪಿಕೊಂಡು ಅಳತೆಗೆ ಹೋಗಿದ್ದೆ. ಮನೆಯೊಡತಿ ಮೊಬೈಲಿನಲ್ಲಿ ಯಾವುದೋ ಬಂಗಲೆಯ ಚಿತ್ರ ತೋರಿಸುತ್ತ, "ಹಳೇದೆಲ್ಲಾ ಕಿತ್ತು ಬಿಡ್ರಿ ಮೇಡಂ, ಹಿಂಗ ಮಾಡಿಕೊಡ್ರಿ" ಎಂದರು.

"ಮುಂಜಾನೆ ಈ ಬಾಗಿಲ ಮೊದಲು ಯಾರು ತೆಗೀತಾರ್ರಿ?" ಎಂದು ಕೇಳಿದೆ.

ಅವರಿಗೆ ನಗು ಬಂತು. "ನಮ್ಮತ್ತಿ ತೆಗೀತಾರ. ಯಾಕ್ರಿ?"

"ಅವರನ್ನ ಸ್ವಲ್ಪ ಕರೀರಿ. ಅವರ ಜೊತಿ ಒಂದು ಸಲ ಗೇಟಿನ ತನಕ ನಡದು ಬರ್ತೀನಿ. ಆಮೇಲೆ ಅಳತಿ."

ಈ ಪ್ರಶ್ನೆಯನ್ನು ನಾನು ಕಲಿತದ್ದು ಸಿರುಗುಪ್ಪದಲ್ಲಿ, ನನ್ನ ಅಕ್ಕ ಶಿವಲೀಲಾಳ ಮನೆಯ ಮುಂದೆ, ಆರು ವರ್ಷದ ಹಿಂದಿನ ಒಂದು ಬೇಸಿಗೆಯಲ್ಲಿ. ಆ ಬೇಸಿಗೆ ಅಕ್ಕನ ಕಣ್ಣು ಹೋಗುತ್ತಿತ್ತು. ಅದನ್ನು ಅವಳು ಎಲ್ಲರಿಂದಲೂ ಮುಚ್ಚಿಟ್ಟಿದ್ದಳು. ಬಾಗಿಲಿನಿಂದ ಗೇಟಿನವರೆಗಿನ ಹದಿನಾಲ್ಕು ಹೆಜ್ಜೆಯನ್ನು ಮಾತ್ರ ಅಳುಕಿಲ್ಲದೆ ನಡೆಯುತ್ತಿದ್ದಳು, ಏಕೆಂದರೆ ಆ ದಾರಿ ಅವಳ ಕಾಲಿಗೆ ಗೊತ್ತಿತ್ತು. ಆ ದಾರಿಯನ್ನು ಕಿತ್ತು ಹಾಕಿದವಳು ನಾನು. ಬೇರೆ ಯಾರ ಮೇಲೂ ಹೊರಿಸುವಂತಿಲ್ಲ.

ನಮ್ಮ ತವರು ಕುರುಗೋಡು. ಬೆನ್ನಿಗೇ ಗುಡ್ಡವಿರುವ, ಯಾವುದಕ್ಕೆ ಬರ ಬಂದರೂ ಕಲ್ಲಿಗೆ ಬರ ಬಾರದ ಊರು. ಅಕ್ಕನನ್ನು ಸಿರುಗುಪ್ಪಕ್ಕೆ ಕೊಟ್ಟ ಎರಡನೇ ವರ್ಷ ಭಾವ ಅಲ್ಲಿ ಹೊಸ ಮನೆ ಕಟ್ಟಿಸಿದರು. ಗೃಹಪ್ರವೇಶಕ್ಕೆ ತವರಿನಿಂದ ಏನಾದರೂ ಹೋಗಬೇಕಲ್ಲ. ಬೇರೆಯವರಾಗಿದ್ದರೆ ಹಿತ್ತಾಳೆ ಕೊಡವೋ ಬೆಳ್ಳಿ ದೀಪವೋ ಕೊಡುತ್ತಿದ್ದರು. ನಮ್ಮವ್ವ ಒಂದು ಕಲ್ಲು ಕೊಟ್ಟಳು. ಹೊಸ್ತಿಲ ಮುಂದೆ ಹಾಸುವ, ಮೂರು ಮೊಳ ಉದ್ದದ ಕುರುಗೋಡಿನ ಕಲ್ಲು. ಅದರ ಮೇಲೆ ಏಳು ಸಾಲು, ಸಾಲಿಗೆ ಏಳರಂತೆ, ಕಡಲೆ ಕಾಳು ಕೂರುವಷ್ಟು ಸಣ್ಣ ಕುಳಿಗಳನ್ನು ಕೊರೆಸಿದ್ದಳು. ರಂಗೋಲಿಯ ಚುಕ್ಕಿಗಳು.

"ನಮ್ಮ ಶಿವಲೀಲಾಗ ಅಡಿಗಿ ಬರತೈತಿ, ಹಾಡು ಬರತೈತಿ. ಚುಕ್ಕಿ ಮಾತ್ರ ನೆಟ್ಟಗ ಬರಂಗಿಲ್ಲ" ಎನ್ನುತ್ತಿದ್ದಳು ಅವ್ವ. "ಸೊಟ್ಟ ರಂಗೋಲಿ ಅಕಿ ಹಾಕತಾಳ, ಅವ್ವ ಏನ್ ಕಲಿಸ್ಯಾಳ ಅಂತ ಮಂದಿ ನನ್ನ ಕೇಳ್ತಾರ."

ನನಗಾಗ ಹತ್ತು ವರ್ಷ. ಕಲ್ಲು ಕೊರೆಯುವವನು ನಮ್ಮ ಮನೆಯ ಮುಂದೆಯೇ ಕೂತು ಎರಡು ದಿನ ಟಕಟಕ ಎನ್ನಿಸಿದ. ನಾನು ಶಾಲೆ ತಪ್ಪಿಸಿ ಅವನ ಎದುರಿಗೇ ಕೂತಿದ್ದೆ. ಅವನು ಊಟಕ್ಕೆ ಎದ್ದಾಗ ಉಳಿ ಸುತ್ತಿಗೆ ನನ್ನ ಕೈಗೆ ಬಂದು, ಅವ್ವ ಓಡಿ ಬಂದು ನನ್ನ ಬೆನ್ನಿಗೆ ಗುದ್ದಿದ್ದೂ ಆಗಲೇ. ಕಲ್ಲು ಎತ್ತಿನ ಬಂಡಿಯಲ್ಲಿ ಸಿರುಗುಪ್ಪಕ್ಕೆ ಹೋಯಿತು. "ಅತ್ತಿಯವರು ಬಂಡಿ ತುಂಬಾ ಏನೋ ಕಳಿಸ್ಯಾರ ಅಂತ ನೋಡಿದ್ರ ಕಲ್ಲು ಕಳಿಸ್ಯಾರ" ಎಂದು ಭಾವ ಬಹಳ ವರ್ಷ ಕಾಡಿಸಿದರು.

ನಾನು ಮುಂದೆ ಮದುವೆಯಾಗಿ ಬಳ್ಳಾರಿಗೆ ಬಂದೆ. ಗಿಡದ ಹುಚ್ಚು ಮೊದಲಿನಿಂದ ಇತ್ತು. ಮನೆಯ ಪಕ್ಕದ ಖಾಲಿ ಸೈಟಿನಲ್ಲಿ ನೆರಳು ಬಲೆ ಕಟ್ಟಿ ನರ್ಸರಿ ಮಾಡಿದೆ. ಬಳ್ಳಾರಿಯ ಬಿಸಿಲಿನಲ್ಲಿ ಗಿಡ ಬದುಕಿಸಿದವಳಿಗೆ ಎಲ್ಲಿಯಾದರೂ ಮರ್ಯಾದೆ ಸಿಗುತ್ತದೆ. ಗಿಡ ಒಯ್ದವರು ದಾರಿ ಹಾಕಿಕೊಡಿ ಎಂದರು, ದಾರಿ ಹಾಕಿಸಿಕೊಂಡವರು ದೀಪ ಇಡಿ ಎಂದರು, ಹೀಗೆ ಮನೆಮುಂದಿನ ತೋಟ ಮಾಡಿಕೊಡುವುದೇ ನನ್ನ ಕೆಲಸವಾಯಿತು. ನಾಲ್ಕು ಜನ "ಗಿರಿಜಾ ಮೇಡಂ" ಎನ್ನತೊಡಗಿದ ಮೇಲೆ ತಲೆ ಸ್ವಲ್ಪ ತಿರುಗಿತು. ಯಾರ ಮನೆಗೆ ಹೋದರೂ ಒಳಗೆ ಕಾಲಿಡುವ ಮೊದಲು ಗೇಟಿನಲ್ಲೇ ನಿಂತು ಅವರ ಅಂಗಳಕ್ಕೆ ಮಾರ್ಕ್ಸ್ ಹಾಕುವ ಚಟ ಹತ್ತಿತು. ಅಕ್ಕನ ಅಂಗಳ ಪ್ರತಿ ಸಲವೂ ಫೇಲಾಗುತ್ತಿತ್ತು.

ಏನಿತ್ತು ಅಲ್ಲಿ? ಗೇಟಿನಿಂದ ಬಾಗಿಲಿಗೆ ಹಗ್ಗ ಹಿಡಿದಂತೆ ನೆಟ್ಟಗೆ ಹಾಸಿದ ಒರಟು ಕಲ್ಲುಗಳು. ಒಳಗಿನಿಂದ ಬರುವಾಗ ಬಲಗಡೆಗೆ ಸೊಂಟದೆತ್ತರದ ಕೆಂಪು ಕಣಗಿಲೆಯ ಸಾಲು, ಪೂಜೆಯ ಹೂವಿಗೆ ಭಾವನ ತಾಯಿ ಹಾಕಿದ್ದು. ಎಡಗಡೆಗೆ ಸಗಣಿ ಸಾರಿಸಿದ ನೆಲ. ಹೊಸ್ತಿಲ ಮುಂದೆ ಅವ್ವನ ಚುಕ್ಕಿ ಕಲ್ಲು. ಸಿರುಗುಪ್ಪದ ಅಕ್ಕಿ ಗಿರಣಿಗಳಿಂದ ಹೊಟ್ಟಿನ ಬೂದಿ ಹಾರಿ ಬಂದು ಎಲ್ಲದರ ಮೇಲೂ ಕರಿ ಪುಡಿ ಉದುರಿಸುತ್ತಿತ್ತು. ಅಕ್ಕ ದಿನಾ ಬೆಳಗ್ಗೆ ಅದನ್ನು ಗುಡಿಸಿ, ತೊಳೆದು, ರಂಗೋಲಿ ಹಾಕುತ್ತಿದ್ದಳು.

ಆ ವರ್ಷ ಅಕ್ಕನ ಒಬ್ಬಳೇ ಮಗಳು ಸುಮಾಳನ್ನು ಕರೂರಿನವರು ಕೇಳಿ ಬಂದರು. ನೀರಾವರಿ ಗದ್ದೆಯ ಅನುಕೂಲಸ್ಥ ಮನೆ, ಹುಡುಗ ಹೈಸ್ಕೂಲು ಮಾಸ್ತರ. ಕಾರಹುಣ್ಣಿಮೆಗೆ ಮೊದಲು ನಿಶ್ಚಯ ಮಾಡಿಕೊಳ್ಳುವುದು ಎಂದಾಯಿತು. ಸುದ್ದಿ ಕೇಳಿದವಳೇ ನಾನು ಬಸ್ಸು ಹತ್ತಿ ಸಿರುಗುಪ್ಪಕ್ಕೆ ಬಂದು, ಗೇಟಿನಲ್ಲಿ ನಿಂತು ಘೋಷಿಸಿದೆ: "ಅಕ್ಕಾ, ಬೀಗರು ಬರೋದ್ರಾಗ ಮನಿ ಮುಂದ ನಾನು ಮಾಡಿಕೊಡ್ತೀನಿ. ಸುಮಾಗ ನನ್ನ ಉಡುಗೊರಿ."

ಅಕ್ಕ ಒಳಗಿನಿಂದಲೇ ನಕ್ಕಳು. "ನೀ ಬಂದಿದ್ದು ಚಪ್ಪಲಿ ಸಪ್ಪಳಕ್ಕ ಗೊತ್ತಾತು. ನಿಮ್ಮ ಬಳ್ಳಾರಿ ಡೌಲು ನಮ್ಮ ಓಣಿಗ್ಯಾಕವ್ವಾ?"

"ಡೌಲು ಅಲ್ಲ, ಚೆಂದ. ಕರೂರಿನವರು ಗೇಟಿನ್ಯಾಗ ನಿಂತು ಬಾಯಿ ತಗೀಬೇಕು."

ಮೊಬೈಲು ತೆಗೆದು ಚಿತ್ರ ತೋರಿಸಿದೆ. ಅವಳು ಅದನ್ನು ಮೂಗಿಗೆ ತಾಗುವಷ್ಟು ಹತ್ತಿರ ಹಿಡಿದು, ತಿರುಗಿಸಿ ನೋಡಿ, "ಕನ್ನಡಕ ಎಲ್ಲಿಟ್ಟೀನೋ ಏನೋ" ಎಂದು ವಾಪಸು ಕೊಟ್ಟಳು. "ದಾರಿ ನೆಟ್ಟಗಿದ್ರ ಏನು ತಪ್ಪು?" ಎಂದು ಕೇಳಿದಳು.

"ನೆಟ್ಟಗಿದ್ರ ಆಸ್ಪತ್ರಿ ದಾರಿ ಇದ್ದಂಗ ಇರತೈತಿ. ಸ್ವಲ್ಪ ಬಾಗಿದ್ರ ಮನಿಗೆ ಕಳೆ."

"ಕಣಗಿಲಿ?"

"ಅದರ ಹಾಲು ವಿಷ ಅಕ್ಕಾ. ನಾಳೆ ಮೊಮ್ಮಕ್ಕಳು ಆಡೋ ಜಾಗ."

"ಆತು. ಆದ್ರ ಆ ಅವ್ವನ ಕಲ್ಲೊಂದು ಇರಲಿ ಬಿಡು ಗಿರಿಜಾ."

"ನೋಡೋಣ" ಎಂದೆ. ನನ್ನ ಕೆಲಸದಲ್ಲಿ "ನೋಡೋಣ" ಎಂದರೆ ಆಗುವುದಿಲ್ಲ ಎಂದೇ ಅರ್ಥ. ಗಿರಾಕಿಗಳಿಗೆ ಹೇಳಿ ಹೇಳಿ ರೂಢಿಯಾಗಿದ್ದ ಮಾತನ್ನು ಅಕ್ಕನಿಗೂ ಹೇಳಿದೆ.

ಈಗ ಕೂತು ನೆನೆಸಿಕೊಂಡರೆ ಎಲ್ಲವೂ ಕಣ್ಣಿಗೆ ಕಟ್ಟುತ್ತದೆ. ಅಕ್ಕ ಚಹಾ ಬಸಿಯುವಾಗ ಲೋಟದ ಅಂಚಿಗೆ ಬೆರಳು ಇಟ್ಟುಕೊಳ್ಳುತ್ತಿದ್ದಳು. ಅಕ್ಕಿ ಆರಿಸುವ ಕೆಲಸವನ್ನು ಸುಮಾಳಿಗೆ ಬಿಟ್ಟುಕೊಟ್ಟಿದ್ದಳು. ಗೇಟಿಗೆ ಹೋಗುವಾಗ ಬಲಗೈ ಕಣಗಿಲೆಯ ಎಲೆಗಳನ್ನು ಸವರಿಕೊಂಡು ಹೋಗುತ್ತಿತ್ತು. ಗಿಡದ ಮೇಲೆ ಪ್ರೀತಿ ಎಂದುಕೊಂಡೆ. ಬೆಳಗ್ಗೆ ರಂಗೋಲಿ ಹಾಕುವಾಗ ಎಡಗೈಯ ಬೆರಳು ಕಲ್ಲಿನ ಕುಳಿಯನ್ನು ಹುಡುಕಿ ನಿಲ್ಲುತ್ತಿತ್ತು, ಬಲಗೈ ಅಲ್ಲಿಗೆ ಪುಡಿ ಬಿಡುತ್ತಿತ್ತು. ಗೆರೆ ಒಂದೂ ತಪ್ಪುತ್ತಿರಲಿಲ್ಲ. ನಾನು ಪಕ್ಕದಲ್ಲೇ ನಿಂತು ಕಾಫಿ ಕುಡಿಯುತ್ತ, ಗ್ರಾನೈಟು ಯಾವ ಬಣ್ಣದ್ದು ಹಾಕಿಸಲಿ ಎಂದು ಲೆಕ್ಕ ಹಾಕುತ್ತಿದ್ದೆ. ಮಂದಿಯ ಅಂಗಳದಲ್ಲಿ ಒಣಗಿದ ಎಲೆ ಇದ್ದರೂ ಕಾಣುವ ನನಗೆ ಒಡಹುಟ್ಟಿದವಳು ಕಾಣಲಿಲ್ಲ.

ಕೆಲಸಕ್ಕೆ ಕುರುಗೋಡಿನ ಹುಲುಗಪ್ಪನನ್ನು ಕರೆಸಿದೆ. ಕಲ್ಲು ಹಾಸುವುದರಲ್ಲಿ ಅವನಂಥ ಕೈ ಈ ಕಡೆ ಇಲ್ಲ. ಮೇ ತಿಂಗಳ ಬಿಸಿಲು, ಬೆಳಗ್ಗೆ ಆರಕ್ಕೆ ಶುರು ಮಾಡಿದರೆ ಹನ್ನೊಂದಕ್ಕೆ ಸಲಿಕೆಯ ಹಿಡಿ ಮುಟ್ಟಲು ಆಗುತ್ತಿರಲಿಲ್ಲ. ಸಿರುಗುಪ್ಪದ್ದು ಎರೆ ಮಣ್ಣು; ಬೇಸಿಗೆಯಲ್ಲಿ ಅಂಗೈ ತೂರುವಷ್ಟು ಬಿರುಕು ಬಿಡುತ್ತದೆ, ಮಳೆಗೆ ಉಬ್ಬಿ ಮೇಲಿದ್ದುದನ್ನೆಲ್ಲ ಎತ್ತಿ ಒಗೆಯುತ್ತದೆ. ಅದನ್ನು ಆಳಕ್ಕೆ ತೋಡಿ ತೆಗೆದು, ಗರಸು ಮಣ್ಣು ಮತ್ತು ಜಲ್ಲಿ ತುಂಬಿ, ಬಡಿದು ದಮ್ಮಸು ಮಾಡಿ ಗಟ್ಟಿಯಾದ ಮೇಲೆಯೇ ಕಲ್ಲು ಇಡಬೇಕು. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ ಎನ್ನುವಂತೆ, ಮೂವತ್ತೆಂಟು ವರ್ಷದ ಕಣಗಿಲೆಯೂ ಕಲ್ಲುದಾರಿಯೂ ಒಂದೇ ಬೆಳಗಿನಲ್ಲಿ ಮುಗಿದವು.

ಎರಡನೆಯ ದಿನ ಹುಲುಗಪ್ಪ ನನ್ನನ್ನು ಬದಿಗೆ ಕರೆದ. "ಅಕ್ಕಾರ, ಒಂದು ಮಾತು. ಮನಿ ಅಮ್ಮಾರಿಗೆ ಕಣ್ಣು ಸರಿಯಾಗಿ ಕಾಣಂಗಿಲ್ಲ ಅನಸ್ತೈತ್ರಿ. ನಾ ಬುಟ್ಟಿ ಇಟ್ಟಿದ್ದೆ, ಕಾಲಿಗೆ ಹತ್ತೋತನಕ ಅವರಿಗೆ ಗೊತ್ತಾಗ್ಲಿಲ್ಲ."

"ಬಿಸಿಲಿಗೆ ಯಾರಿಗಾದ್ರೂ ಕಣ್ಣು ಕತ್ತಲಿ ಬರತೈತಿ. ನೀ ನಿನ್ನ ಕೆಲಸ ನೋಡು" ಎಂದೆ.

ಅವನು ನೋಡಿಕೊಂಡ. ಸಂಜೆ ಚುಕ್ಕಿ ಕಲ್ಲನ್ನು ಎಬ್ಬಿಸಿದಾಗ ಮಾತ್ರ ಮತ್ತೆ ಬಂದು ನಿಂತ. ಕಲ್ಲಿನ ಮೇಲಿನ ಮಣ್ಣನ್ನು ಅಂಗೈಯಿಂದ ಒರೆಸಿದ್ದ. "ಇದು ನಮ್ಮೂರ ಕಲ್ರಿ ಅಕ್ಕಾರ. ಕೈಯಾಗ ಕೊರದದ್ದು. ಈಗ ಯಾರೂ ಹಿಂಗ ಕೊರಿಯಂಗಿಲ್ಲ. ಒಂದು ಕಡಿ ಇಡ್ಲೇನ್ರಿ?"

"ಎಲ್ಲಿ ಇಡ್ತಿ? ಜಲ್ಲಿ ಬ್ಯಾರೆ ಕಡಿಮಿ ಬಿದ್ದೈತಿ. ಒಡದು ಕೆಳಗ ತುಂಬು."

"ಅಮ್ಮಾರನ್ನ ಒಂದು ಮಾತು ಕೇಳ್ರಿ."

"ನಾನು ಅವರ ತಂಗಿ. ಅವರು ಹೇಳಿದ್ದನ್ನ ನಾನು ಹೇಳ್ತಿರೋದು."

ಅದು ಸುಳ್ಳು. ಅಕ್ಕ ಹೇಳಿದ್ದು ಬೇರೆ. ಆದರೆ ಆ ಹೊತ್ತಿಗೆ ನನ್ನ ತಲೆಯಲ್ಲಿದ್ದದ್ದು ಬಾಗಿದ ದಾರಿ, ಅದರ ಅಂಚಿಗೆ ಬಿಳಿ ಉರುಟು ಕಲ್ಲು, ಹುಲ್ಲಿನ ಹಾಸು, ಮೊಣಕಾಲೆತ್ತರದ ಸೋಲಾರ್ ದೀಪಗಳು, ಹೊಸ್ತಿಲ ಮುಂದೆ ಮುಖ ಕಾಣುವಂಥ ಕರಿ ಗ್ರಾನೈಟು. ಹುಲುಗಪ್ಪ ದೊಡ್ಡ ಸುತ್ತಿಗೆ ಎತ್ತಿದ. ನಾಲ್ಕನೆಯ ಏಟಿಗೆ ಕಲ್ಲು ಒಡೆಯಿತು.

ಅಕ್ಕ ಒಳಗೆ ಬದನೆಕಾಯಿ ಹೆಚ್ಚುತ್ತಿದ್ದಳು. ಎದ್ದು ಬಂದು ಬಾಗಿಲ ಚೌಕಟ್ಟಿಗೆ ಕೈಯಿಟ್ಟು ನಿಂತಳು. "ಏನು ಒಡದ್ರಿ?"

"ಹಳೇ ಕಲ್ಲು."

"ಹೌದಾ" ಎಂದು ಒಳಗೆ ಹೋದಳು.

ಹನ್ನೆರಡು ದಿನಕ್ಕೆ ಕೆಲಸ ಮುಗಿಯಿತು. ಓಣಿಯ ಹೆಂಗಸರು ಗೇಟಿನಲ್ಲಿ ನಿಂತು ಬಾಯಿಯ ಮೇಲೆ ಕೈಯಿಟ್ಟುಕೊಂಡರು. ಭಾವ ಗೊಬ್ಬರದ ಅಂಗಡಿಯಿಂದ ಬಂದು, ಚಪ್ಪಲಿ ಬಿಟ್ಟು ನಡೆಯಬೇಕೋ ಹಾಕಿಕೊಂಡು ನಡೆಯಬೇಕೋ ಎಂದು ತಮಾಷೆ ಮಾಡಿದರು. ಗ್ರಾನೈಟಿನ ಮೇಲೆ ರಂಗೋಲಿ ಪುಡಿ ನಿಲ್ಲುವುದಿಲ್ಲ, ಗಾಳಿಗೆ ಜಾರುತ್ತದೆ. ಅದಕ್ಕೂ ನಾನು ಉಪಾಯ ತಂದಿದ್ದೆ: ಬಳ್ಳಾರಿ ಬಜಾರಿನ ಸ್ಟಿಕ್ಕರ್ ರಂಗೋಲಿ, ಕಮಲದ್ದು. ನಾನೇ ಮೊಣಕಾಲೂರಿ ಅಂಟಿಸಿ, "ಇನ್ನ ದಿನಾ ಬಗ್ಗಿ ಸೊಂಟ ನೋಯಿಸ್ಕೊಳ್ಳೋದು ಬ್ಯಾಡ ನೋಡಕ್ಕಾ" ಎಂದೆ.

ಅಕ್ಕ ಬಾಗಿಲಲ್ಲಿ ನಿಂತು ನನ್ನ ಮುಖವನ್ನೇ ನೋಡುತ್ತ, "ಚಲೋ ಆಗೈತಿ ಬಿಡು" ಎಂದಳು.

ಮುಂದಿನ ಮೂರು ವಾರ ನಾನು ಬಳ್ಳಾರಿಯಲ್ಲಿದ್ದೆ. ಫೋನು ಮಾಡಿದಾಗ ಸುಮಾ ಒಂದು ಸಲ ಹೇಳಿದಳು, "ಅವ್ವ ಹೊರಗ ಬರೋದನ್ನ ಬಿಟ್ಟಾಳ ಚಿಕ್ಕಮ್ಮ. ಹಾಲಿಗೂ ಹೂವಿಗೂ ನನ್ನನ್ನೇ ಓಡಸ್ತಾಳ." ಅಂಗಳ ಹೊಲಸಾಗಬಾರದೆಂದು ಜೋಪಾನ ಮಾಡುತ್ತಿದ್ದಾಳೆ ಎಂದು ನಾನು ಖುಷಿಪಟ್ಟೆ. ಹೀಗೆ ಅರ್ಥ ಮಾಡಿಕೊಂಡವಳಿಗೆ ಏನು ಹೇಳಬೇಕು, ನೀವೇ ಹೇಳಿ.

ನಿಶ್ಚಯದ ದಿನ ಬಂತು. ಹಿಂದಿನ ದಿನ ಮೊದಲ ಮಳೆಯ ನಾಲ್ಕು ಹನಿ ಬಿದ್ದು ಸೆಖೆ ಇನ್ನೂ ಹೆಚ್ಚಾಗಿತ್ತು. ಹತ್ತು ಗಂಟೆಗೆ ಕರೂರಿನವರು ಎರಡು ಗಾಡಿಯಲ್ಲಿ ಬಂದು ಇಳಿದರು. ನಮ್ಮಲ್ಲಿ ಬೀಗರನ್ನು ಗೇಟಿನ ಹತ್ತಿರವೇ ಎದುರುಗೊಳ್ಳಬೇಕು. ಹುಡುಗಿಯ ತಾಯಿ ಕಾಲಿಗೆ ನೀರು ಕೊಟ್ಟು, ಕುಂಕುಮ ಹಚ್ಚಿ, ಆರತಿ ಬೆಳಗಿ ಒಳಗೆ ಕರೆದುಕೊಂಡು ಬರಬೇಕು. ನಾನು ನೀರಿನ ಬಿಂದಿಗೆ ಇಟ್ಟುಕೊಂಡು ಗೇಟಿನಲ್ಲಿ ನಿಂತಿದ್ದೆ. ಹುಡುಗನ ತಾಯಿ ಈರಮ್ಮ, ಹಣೆ ತುಂಬ ವಿಭೂತಿ ಹಚ್ಚಿದ ಗಟ್ಟಿ ಹೆಂಗಸು, ನಗುತ್ತ ಬಂದು ನಿಂತರು. ಅಕ್ಕ ಬಾಗಿಲಲ್ಲಿ ಆರತಿ ತಟ್ಟೆ ಹಿಡಿದು ನಿಂತಿದ್ದಳು. ಬರಲಿಲ್ಲ.

ಒಂದು ನಿಮಿಷವಾಯಿತು. ಬಿಸಿಲು ನೆತ್ತಿ ಸುಡುತ್ತಿತ್ತು. ಅವರ ಕಡೆಯ ಹಿರಿಯರೊಬ್ಬರು, "ಏನಮ್ಮಾ, ನಾವು ಬರಬೇಕೋ ವದ್ದೋ?" ಎಂದು, ಬೇಡವೋ ಎಂಬುದನ್ನು ತೆಲುಗಿನಲ್ಲಿ ಹೇಳಿ ನಗೆಯಾಡಿದರು. ನನಗೆ ನಾಚಿಕೆಯಾಯಿತು, ನಾಚಿಕೆಯ ಹಿಂದೆಯೇ ಸಿಟ್ಟು ಬಂತು. ಈ ಅಕ್ಕನಿಗೆ ಇವತ್ತೇ ಯಾಕೆ ಸೊಕ್ಕು?

"ಅಕ್ಕಾ! ಬೀಗರು ನಿಂತಾರ, ಬಾ ಲಗೂನ!" ಎಂದು ಕೂಗಿದೆ.

ಅವಳು ಬಂದಳು. ನನ್ನ ದನಿ ಬಂದ ಕಡೆಗೆ, ಮೂವತ್ತೆಂಟು ವರ್ಷ ನಡೆದ ಹಾಗೆ, ನೆಟ್ಟಗೆ. ಬಲಗೈ ತಟ್ಟೆಯನ್ನು ಬಿಟ್ಟು ಬದಿಗೆ ಚಾಚಿತು, ಕಣಗಿಲೆ ಇರಲಿಲ್ಲ. ಗ್ರಾನೈಟು ದಾಟಿ ಎರಡು ಹೆಜ್ಜೆ ಇಟ್ಟಳು. ದಾರಿ ಎಡಕ್ಕೆ ಬಾಗಿತ್ತು, ಅವಳು ಬಾಗಲಿಲ್ಲ. ಕಾಲು ಉರುಟು ಕಲ್ಲಿನ ಮೇಲೆ ಬಿದ್ದು ಹೊರಳಿತು, ಮೊಣಕಾಲು ಸೋಲಾರ್ ದೀಪಕ್ಕೆ ಬಡಿಯಿತು. ತಟ್ಟೆ ಎಲ್ಲೋ ಹೋಯಿತು, ಕುಂಕುಮ ಬಿಳಿ ಕಲ್ಲುಗಳ ಮೇಲೆ ಚೆಲ್ಲಿತು. ಹಾಗೆ ಯಾರಾದರೂ ಬೀಳಬಹುದಿತ್ತು. ಆದರೆ ಬಿದ್ದ ಮೇಲೆ ಅವಳು ತಟ್ಟೆಗಾಗಿ ಕೈಯಾಡಿಸಿದಳು. ತಟ್ಟೆ ಒಂದು ಗೇಣು ದೂರದಲ್ಲಿ, ಬಿಸಿಲಿಗೆ ಫಳಫಳ ಹೊಳೆಯುತ್ತ ಬಿದ್ದಿತ್ತು. ಅವಳ ಕೈ ಅದರ ಸುತ್ತ ಹುಡುಕುತ್ತಿತ್ತು. ಅದನ್ನು ನಾವೆಲ್ಲರೂ ನೋಡಿದೆವು, ಗೇಟಿನ ಒಳಗಿನವರೂ ಹೊರಗಿನವರೂ.

ನಾನು ಬಿಂದಿಗೆ ಹಿಡಿದುಕೊಂಡೇ ನಿಂತಿದ್ದೆ. ಈರಮ್ಮನೇ ಚಪ್ಪಲಿ ಬಿಟ್ಟು, ಹುಲ್ಲು ತುಳಿದುಕೊಂಡು ಹೋಗಿ, ಅಕ್ಕನ ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕೂತರು. ತಟ್ಟೆ ಎತ್ತಿ ಅವಳ ಕೈಗೆ ಕೊಟ್ಟರು.

"ಎಷ್ಟು ದಿನ ಆತವ್ವಾ ಹಿಂಗಾಗಿ?"

"ವರ್ಷದ ಮ್ಯಾಲಾತ್ರಿ" ಎಂದಳು ಅಕ್ಕ. "ನನ್ನ ಮಗಳದೇನೂ ತಪ್ಪಿಲ್ರಿ. ಅಕಿ ಕಣ್ಣು ಚಲೋ ಅದಾವ."

"ನಿನ್ನ ಕಣ್ಣಿಗೂ ನಿನ್ನ ಮಗಳಿಗೂ ಏನು ಸಂಬಂಧ? ನಾವು ಹುಡುಗಿ ಸಲುವಾಗಿ ಬಂದೀವಿ. ಮುಚ್ಚಿಟ್ಯಲ್ಲ, ಅದೊಂದು ಬ್ಯಾಸರ ನನಗ." ಅವರು ಅಕ್ಕನ ಮಂಡಿಯ ರಕ್ತ ಒರೆಸಿ, ಅವಳ ಕೈಯಿಂದಲೇ ತಮ್ಮ ಹಣೆಗೆ ಕುಂಕುಮ ಹಚ್ಚಿಸಿಕೊಂಡರು. ನಿಶ್ಚಯ ಆಯಿತು. ಸುಮಾ ಇವತ್ತು ಕರೂರಿನಲ್ಲಿ ಸುಖವಾಗಿದ್ದಾಳೆ. ಮಗಳ ಸಂಬಂಧ ಮುರಿದೀತೆಂಬ ಯಾವ ಭಯಕ್ಕೆ ಅಕ್ಕ ವರ್ಷದ ಮೇಲೆ ಡಾಕ್ಟರ ಹತ್ತಿರ ಹೋಗದೆ ಕೂತಿದ್ದಳೋ ಆ ಭಯ ಹೀಗೆ ಒಂದು ಗಳಿಗೆಯಲ್ಲಿ ಮುಗಿದುಹೋಯಿತು.

ಬಳ್ಳಾರಿಯಲ್ಲಿ ಕಣ್ಣಿನ ಡಾಕ್ಟರು ನೋಡಿ, ಕಣ್ಣಿನ ಒತ್ತಡ ನರವನ್ನು ತಿಂದಿದೆ, ಹೋದದ್ದು ಬರುವುದಿಲ್ಲ, ಉಳಿದದ್ದನ್ನು ಉಳಿಸಿಕೊಳ್ಳಲು ಹನಿ ಹಾಕಿಕೊಳ್ಳಿ ಎಂದರು. ಆಸ್ಪತ್ರೆಯ ಬೆಂಚಿನಲ್ಲಿ ಕೂತು ಅಕ್ಕ ನನಗೆ ವಿವರಿಸಿದಳು. "ಊದುಗೊಳವಿಯಾಗ ಕಣ್ಣಿಟ್ಟು ನೋಡಿದಂಗ ನೋಡು. ನಿನ್ನ ಮುಖ ಮಬ್ಬುಮಬ್ಬಾಗಿ ಕಾಣತೈತಿ. ಕಾಲ ಬುಡ ಏನೈತಿ ಅನ್ನೋದು ಕಾಣಂಗಿಲ್ಲ. ಮನಿ ಮುಂದ ಮಾತ್ರ ಚಿಂತಿ ಇರ್ಲಿಲ್ಲ. ಹದಿನಾಲ್ಕು ಹೆಜ್ಜಿ, ಬಲಕ್ಕ ಕಣಗಿಲಿ. ವಾಪಸ್ ಬಂದ್ರ ಕಾಲಿಗೆ ಅವ್ವನ ಕಲ್ಲು ಹತ್ತತಿತ್ತು."

ನನಗೆ ಅಳು ಬಂತು. "ನನಗಾದ್ರೂ ಹೇಳಬಾರದಿತ್ತೇನಕ್ಕಾ?"

"ಹೇಳಿದ್ನಲ್ಲೇ" ಎಂದಳು, ಸಿಟ್ಟಿಲ್ಲದೆ. "ಕಲ್ಲು ಇರಲಿ ಬಿಡು ಅಂತ."

ಅಲ್ಲಿಂದ ಮುಂದೆ ಅಕ್ಕನ ಕೈಯನ್ನು ಯಾರೂ ಬಿಡಲಿಲ್ಲ. ನೀರು ಕುಡಿಯಲು ಎದ್ದರೂ ಸುಮಾ ಓಡಿ ಬರುತ್ತಿದ್ದಳು. ಭಾವ ಅಂಗಡಿ ಬಿಟ್ಟು ಮನೆಯಲ್ಲೇ ಕೂತರು. ಪ್ರೀತಿಯೇ, ಆದರೆ ವರ್ಷದ ಮೇಲೆ ತನ್ನಷ್ಟಕ್ಕೆ ತಾನು ನಡೆದವಳು ಎರಡು ವಾರದಲ್ಲಿ ಕುರುಡಿಯಾದಳು. ಯಾರು ಕರೆದರೂ ಕೂತಲ್ಲಿಂದಲೇ ಕೈ ಚಾಚುತ್ತಿದ್ದಳು. ಅದನ್ನು ನೋಡಲಾಗದೆ ನಾನು ಹುಲುಗಪ್ಪನ ಮನೆಗೆ ಕುರುಗೋಡಿಗೆ ಹೋದೆ. ಕಟ್ಟೆಯ ಮೇಲೆ ಕೂತಿದ್ದ ಅವನು ನನ್ನನ್ನು ನೋಡಿ ಎದ್ದು ನಿಂತ. "ನೀ ಹೇಳಿದ್ದಿ ಹುಲುಗಪ್ಪ. ನಾ ಕೇಳಲಿಲ್ಲ" ಎಂದೆ. ಅವನು ತಲೆ ತಗ್ಗಿಸಿ, "ಯಾವಾಗ ಬರ್ಲಿ ಹೇಳ್ರಿ" ಎಂದಷ್ಟೇ ಹೇಳಿದ.

ಶ್ರಾವಣದ ಮೊದಲ ವಾರ ಬಾಗಿದ ದಾರಿಯನ್ನೂ ಕರಿ ಗ್ರಾನೈಟನ್ನೂ ಕಿತ್ತೆವು. ಕೆಳಗಿನ ಜಲ್ಲಿಯಲ್ಲಿ ಅವ್ವನ ಕಲ್ಲಿನ ಚೂರುಗಳು ಸಿಕ್ಕವು, ಕೆಲವುಗಳಲ್ಲಿ ಒಂದು ಕುಳಿ, ಕೆಲವುಗಳಲ್ಲಿ ಅರ್ಧ. ಹುಲುಗಪ್ಪ ಗೋಣಿಯ ಮೇಲೆ ಹರವಿ ಜೋಡಿಸಲು ನೋಡಿದ. ಒಂದಕ್ಕೊಂದು ಹೊಂದಲಿಲ್ಲ. ಅವನು ಊರ ಗುಡ್ಡದ ಕಲ್ಲನ್ನೇ ಹುಡುಕಿ ತಂದ. ಹಳೆಯ ದೀಪಾವಳಿಯ ಫೋಟೋ ಒಂದರಲ್ಲಿ ಅಕ್ಕನ ರಂಗೋಲಿ ಕಾಣುತ್ತಿತ್ತು. ಅದನ್ನು ನೋಡಿ ಏಳು ಸಾಲು, ಏಳು ಚುಕ್ಕಿ, ದಾರ ಹಿಡಿದು ಅಳೆದು ಕೊರೆಸಿದೆ. ಮಷೀನು ಬೇಡ, ಕೈಯಲ್ಲೇ ಎಂದೆ. ಆ ಕಲ್ಲನ್ನು ಹೊಸ್ತಿಲ ಮುಂದೆ ಕೂರಿಸಿ, ದಾರಿಯನ್ನು ನೆಟ್ಟಗೆ ಹಾಸಿಸಿದೆ. ಬಲಕ್ಕೆ ಕಣಗಿಲೆಯ ಕಡ್ಡಿ ನೆಟ್ಟ ನಾನು ಅವು ಕೈಗೆ ಸಿಗುವ ಎತ್ತರಕ್ಕೆ ಬರಲು ಎರಡು ವರ್ಷ ಬೇಕೆಂದು ಯಾರಿಗೂ ಹೇಳಲಿಲ್ಲ.

ಒಂದು ಸೋಮವಾರ ಬೆಳಗ್ಗೆ, ಜಿಟಿಜಿಟಿ ಮಳೆ ನಿಂತಿದ್ದ ಹೊತ್ತಿನಲ್ಲಿ, ಅಕ್ಕನನ್ನು ಬಾಗಿಲಿಗೆ ಕರೆತಂದು ಕೈ ಬಿಟ್ಟೆ. ರಂಗೋಲಿಯ ಬಟ್ಟಲನ್ನು ಪಕ್ಕಕ್ಕೆ ಇಟ್ಟೆ. ಅವಳು ಕೂತು ಎಡಗೈಯನ್ನು ಕಲ್ಲಿನ ಮೇಲೆ ಇಟ್ಟಳು. ಬೆರಳು ಬಲಗಡೆಯ ಮೇಲಿನ ಮೂಲೆಗೆ ಹೋಯಿತು. ಅಲ್ಲಿ ಏನನ್ನೋ ಹುಡುಕಿತು. ಸ್ವಲ್ಪ ಈ ಕಡೆ, ಸ್ವಲ್ಪ ಆ ಕಡೆ, ಮತ್ತೆ ಅದೇ ಜಾಗಕ್ಕೆ. ಆಮೇಲೆ ಬೆರಳು ಅಲ್ಲಿಂದ ಇಳಿದು, ಒಂದೊಂದು ಸಾಲನ್ನೂ ಮುಟ್ಟುತ್ತ ಕೆಳಗೆ ಬಂತು.

ಅಕ್ಕ ಮುಖವೆತ್ತಿ ನನ್ನ ಕಡೆಗೆ ನಕ್ಕಳು. "ಚಲೋ ಆಗೈತಿ ಬಿಡು."

ಅದೇ ಮಾತು, ಅದೇ ದನಿ. ಗ್ರಾನೈಟಿನ ದಿನವೂ ಅವಳು ಹೀಗೆಯೇ ಅಂದಿದ್ದಳು. ಏನೋ ತಪ್ಪಿದೆ ಎಂದು ಗೊತ್ತಾಯಿತು, ಏನೆಂದು ಗೊತ್ತಾಗಲಿಲ್ಲ. ಕೇಳುವ ಧೈರ್ಯವೂ ಬರಲಿಲ್ಲ.

ಸಂಜೆ ಕುರುಗೋಡಿನ ಮೇಲೆ ಹಾಯ್ದು ಬಳ್ಳಾರಿಗೆ ಬರುವ ಬಸ್ಸು ಹತ್ತಿದೆ. ಊರು ಹತ್ತಿರವಾಗಿ, ಮಳೆಗೆ ತೊಯ್ದು ಕಪ್ಪಾದ ಗುಡ್ಡ ಕಿಟಕಿಯಲ್ಲಿ ಕಂಡಾಗ ಬೆನ್ನಿನ ಮೇಲೆ ಅವ್ವನ ಗುದ್ದು ನೆನಪಾಯಿತು. ಗುದ್ದಿನ ಹಿಂದೆ ಉಳಿ, ಉಳಿಯ ತುದಿಯಲ್ಲಿ ನಾನು ಹೊಡೆದ ಏಟು. ಬಲಗಡೆಯ ಮೇಲಿನ ಮೂಲೆ. ಸಾಲಿನ ಹೊರಗೆ, ಸೊಟ್ಟಗೆ, ಒಂದು ಹೆಚ್ಚಿನ ಚುಕ್ಕಿ.

ಬಸ್ಸಿನಿಂದಲೇ ಫೋನು ಮಾಡಿದೆ. ಸುಮಾ ಫೋನನ್ನು ಅಕ್ಕನ ಕೈಗೆ ಕೊಟ್ಟಳು.

"ಅಕ್ಕಾ, ಆ ಕಲ್ಲಿನ ಮ್ಯಾಲೆ ನಂದೊಂದು ಚುಕ್ಕಿ ಇತ್ತಲ್ಲ."

ಅಕ್ಕ ಮೆಲ್ಲಗೆ ನಕ್ಕಳು. "ನೆನಪಾತೇನು? ದಿನಾ ಮುಂಜಾನಿ ಮೊದಲು ಅದನ್ನ ಮುಟ್ಟತಿದ್ದೆ. ಅದು ಸಿಕ್ತಂದ್ರ ಕಲ್ಲಿನ ಯಾವ ಮೂಲಿ ಎಲ್ಲೈತಿ ಅಂತ ತಿಳೀತಿತ್ತು. ಅಲ್ಲಿಂದ ಶುರು ಮಾಡತಿದ್ದೆ."

"ನಾಳೆನಽ ಹುಲುಗಪ್ಪನ್ನ ಕಳಿಸ್ತೀನಿ. ಅದೇ ಜಾಗದಾಗ ಕೊರದು ಕೊಡ್ತಾನ."

"ಬ್ಯಾಡ ಬಿಡು" ಎಂದಳು ಅಕ್ಕ. "ಹತ್ತು ವರ್ಷದ ಹುಡುಗಿ ಹೊಡದಂಗ ಅವನಿಗೆ ಎಲ್ಲಿ ಬರತೈತಿ?"